ತಿಂಗಳ ಸಭೆಯೋ, ಬೆಳಗಿನ ಹತ್ತು ನಿಮಿಷವೋ?

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಆಳುಗಳನ್ನೂ ಸೇರಿಸಿಕೊಂಡು ಸುರಕ್ಷತೆ ನೋಡಿಕೊಳ್ಳಬೇಕು ಅಂತಿದ್ದೀರಾ? ಎರಡು ದಾರಿ ಇದೆ: ತಿಂಗಳಿಗೊಮ್ಮೆ ಸೇರುವ ಸಮಿತಿ, ಇಲ್ಲವೇ ದಿನಾ ಹಾಜರಿ ಹಾಕುವಾಗ ಹತ್ತು ನಿಮಿಷದ ಮಾತು.

ಸಮಿತಿಗೆ ತೂಕ ಜಾಸ್ತಿ. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ತಂದ ತಿದ್ದುಪಡಿ, ಅಪಾಯಕಾರಿ ಕೆಲಸದ ಕಾರ್ಖಾನೆಗಳ ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತಕ್ಕೂ ಸಮ ಪಾಲು ಕೊಟ್ಟಿತ್ತು. ಏಣಿ, ಹೆಲ್ಮೆಟ್ಟಿಗೆ ದುಡ್ಡು ಮಂಜೂರಾಗುವುದೂ ಇಲ್ಲೇ. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಂಥ ಒಂದೇ ಸೂರಿನ ಕೆಲಸಕ್ಕೆ ಇದು ಹೊಂದುತ್ತದೆ.

ತೋಟದಲ್ಲಿ ಅಪಾಯ ದಿನಕ್ಕೊಂದು ಕಡೆ. ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಹಿಡಿದು ಮರದಿಂದ ಮರಕ್ಕೆ ಹೋಗುತ್ತಾರೆ. ತುದಿ ಕರೆಂಟ್ ತಂತಿಗೆ ತಾಗಿದರೆ ಜೀವವೇ ಹೋಗುತ್ತದೆ. ‘ಮೇಸ್ತ್ರಿ, ಆ ಸಾಲಲ್ಲಿ ತಂತಿ ಜೋತಿದೆ’ ಅಂತ ಹೇಳಬಲ್ಲವರು ನಿನ್ನೆ ಅಲ್ಲಿ ಕೊಯ್ದವರೇ. ಅದಕ್ಕೆ ತಿಂಗಳು ಕಾಯೋಕಾಗುತ್ತಾ? ಆವತ್ತೇ ಆ ಸಾಲು ಬಿಡಬೇಕು, ಕರೆಂಟ್ ಕಂಪನಿ ಮೆಸ್ಕಾಂಗೆ ಫೋನ್ ಮಾಡಬೇಕು.

ಹಾಗಾಗಿ ತೋಟಕ್ಕೆ ನನ್ನ ಆಯ್ಕೆ ಬೆಳಗಿನ ಮಾತು. ಆದರೆ ಮೇಸ್ತ್ರಿ ಒಬ್ಬರೇ ಮಾತಾಡಿದರೆ ಸುಮ್ನೆ ಹೊತ್ತು ಹಾಳು. ಅಸ್ಸಾಂನಿಂದ ಬಂದವರಿದ್ದರೆ ಅವರ ಭಾಷೆ ಬಲ್ಲವರೊಬ್ಬರು ಬೇಕೇ ಬೇಕು. ತಪ್ಪು ತೋರಿಸಿದವರನ್ನು ಒಮ್ಮೆ ಗದರಿದರೂ ಸಾಕು, ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ.