ಒಂದೇ ಖಯಾಲ್, ಮೂರು ರೂಪ: ಎಲ್‌ಪಿ, ಕ್ಯಾಸೆಟ್, ಸ್ಟ್ರೀಮಿಂಗ್

ಎಪ್ಪತ್ತರ ದಶಕದ ಒಂದೇ ಖಯಾಲ್ (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ಧ್ವನಿಮುದ್ರಣ, ಒಂದೇ ಆಂಪ್ಲಿಫೈಯರ್, ಅದೇ ಸ್ಪೀಕರ್. ಕೇಳುವ ಮೊದಲು ಮೂರರ ವಾಲ್ಯೂಮ್ ಸಮ ಮಾಡಿಕೊಳ್ಳಲೇಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಮೆಚ್ಚಿಬಿಡುತ್ತದೆ. ಆಮೇಲೆ ಗಾಯಕರನ್ನು ಬಿಟ್ಟು ತಂಬೂರಿ ಕೇಳಿ. ಅದು ಏರಿಳಿತವಿಲ್ಲದ ನಾದ, ಹಾಗಾಗಿ ಯಂತ್ರದ ದೋಷ ಮೊದಲು ಸಿಕ್ಕಿಬೀಳುವುದು ಅಲ್ಲೇ.

ಎಲ್‌ಪಿಯಲ್ಲಿ ಜವಾರಿ, ಅಂದರೆ ತಂಬೂರಿ ತಂತಿಯ ಝೇಂಕಾರ, ತುಂಬಿಕೊಂಡು ಬರುತ್ತದೆ. ತೊಂದರೆ ಶುರುವಾಗುವುದು ಪ್ರತಿ ಬದಿಯ ಕೊನೆಗೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಲೇ ಇರುತ್ತದೆ, ಆದರೆ ಒಳಗಿನ ಗೆರೆಯ ಸುತ್ತಳತೆ ಚಿಕ್ಕದು. ಸೂಜಿಯಡಿ ಗೆರೆ ಹಾಯುವ ವೇಗ ಹೊರ ಅಂಚಿನ ಅರ್ಧಕ್ಕಿಂತ ಕಡಿಮೆ, ಹಾಗಾಗಿ ದನಿ ಒರಟಾಗುತ್ತದೆ. ದ್ರುತ್ ತಾನುಗಳು (ವೇಗದ ಸ್ವರಸಂಚಾರ) ಬರುವುದೂ ಸಾಮಾನ್ಯವಾಗಿ ಅಲ್ಲೇ! ಸೂಜಿಯ ಭಾರ ಕಾರ್ಟ್ರಿಜ್ (ಸೂಜಿ ಕೂತಿರುವ ಬಿಡಿಭಾಗ) ತಯಾರಕರು ಹೇಳಿದಷ್ಟಿರಲಿ, ಬಹುತೇಕ 1.5ರಿಂದ 2 ಗ್ರಾಂ. ರೆಕಾರ್ಡ್ ಸವೆಯದಿರಲೆಂದು ಭಾರ ಇಳಿಸಿದರೆ ಸೂಜಿ ಗೆರೆಯಲ್ಲಿ ಅದುರಿ ಇನ್ನಷ್ಟು ಗೀರುತ್ತದೆ.

ಕ್ಯಾಸೆಟ್ ಮೂರರಲ್ಲಿ ಬಡವ. ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ.; ರಬ್ಬರ್ ರೋಲರ್ ಗಟ್ಟಿಯಾಗಿದ್ದರೆ ಷಡ್ಜವೇ ತೂಗಾಡುತ್ತದೆ. ದನಿ ಮಂಕಾಗಿದ್ದರೆ ಟೇಪನ್ನು ಬೈಯುವ ಮೊದಲು ಟೇಪ್ ಓದುವ ಹೆಡ್‌ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಆಗಲೂ ಸರಿಹೋಗದಿದ್ದರೆ ಮೋನೊದಲ್ಲಿ ಕೇಳುತ್ತ, ಹೆಡ್ ಪಕ್ಕದ, ಅದರ ಓರೆ ತಿದ್ದುವ ಅಜಿಮತ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾರದ (ಎತ್ತರದ) ದನಿ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ.

ಸ್ಟ್ರೀಮಿಂಗ್‌ನಲ್ಲಿ ಚಟಪಟ ಇಲ್ಲ, ಶ್ರುತಿ ಕದಲುವುದಿಲ್ಲ. ಆದರೂ ನಾವು ಕೇಳಿದ 'ರೀಮಾಸ್ಟರ್' (ಹೊಸದಾಗಿ ತಿದ್ದಿದ) ಪ್ರತಿಯಲ್ಲಿ ತಂಬೂರಿ ಸತ್ತಿತ್ತು. ಇದರ ಹೊಣೆ ಡಿಜಿಟಲ್ ಮೇಲೆ ಹೊರಿಸುವುದು ಅನ್ಯಾಯ. 16 ಬಿಟ್‌ಗೆ ಅತಿ ಮೆಲುದನಿಯಿಂದ ಅತಿ ಜೋರುದನಿಯವರೆಗೆ ಸುಮಾರು 96 ಡೆಸಿಬೆಲ್ ಹರವು ಇದೆ, ಎಲ್‌ಪಿಗೆ ಅದರ ಹತ್ತಿರಕ್ಕೂ ಬರಲಾಗದು. ಕೆಡಿಸಿದ್ದು ಮಾರುವ ಆತುರ. ಟೇಪಿನ ಸುಯ್ ತೆಗೆಯುವ ಸಾಫ್ಟ್‌ವೇರ್‌ಗೆ ತಂಬೂರಿ ನುಡಿಯುತ್ತಿರುವ ಜಾಗವನ್ನೇ 'ಗದ್ದಲದ ಮಾದರಿ' ಎಂದು ತೋರಿಸಿದರೆ ಅದು ಜವಾರಿಯನ್ನೂ ಗುಡಿಸಿಹಾಕುತ್ತದೆ. ಮೇಲೆ, ಜೋರು-ಮೆಲುದನಿಗಳ ಅಂತರ ಕುಗ್ಗಿಸಿ ಎಲ್ಲವನ್ನೂ ಜೋರು ಮಾಡುವ ಕಂಪ್ರೆಸರ್ ಬೇರೆ: ಗಾಯಕರು ಉಸಿರಿಗೆ ನಿಂತಾಗಲೆಲ್ಲ ಹಿನ್ನೆಲೆ ಉಬ್ಬಿ ಬರುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುವುದರಿಂದ ಹೀಗೆ ಜೋರು ಮಾಡಿ ಗಿಟ್ಟುವುದೂ ಏನಿಲ್ಲ.

ಹಾಗಂತ ಅನಲಾಗ್ ಕಾಲದಲ್ಲಿ ವ್ಯಾಪಾರ ದೂರ ನಿಂತಿರಲಿಲ್ಲ. ಕಲ್ಕತ್ತದಲ್ಲಿ 1902ರಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಣಕ್ಕೆ ಹಾಡಿದಂದಿನಿಂದ 78 ಆರ್‌ಪಿಎಂ ತಟ್ಟೆ ರಾಗವನ್ನು ಮೂರು-ನಾಲ್ಕು ನಿಮಿಷಕ್ಕೆ ಕತ್ತರಿಸಿತು. ಈಗ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಲೆಕ್ಕ. ಅಷ್ಟರಲ್ಲಿ ವಿಲಂಬಿತದ (ನಿಧಾನ ಲಯದ) ತಾಳದ ಒಂದು ಆವರ್ತನವೂ ಮುಗಿಯದಿರಬಹುದು.

ನಮ್ಮ ಆಯ್ಕೆ: ರೀಮಾಸ್ಟರ್ ಆಗುವ ಮುಂಚಿನ ಹಳೆಯ ಸಿ.ಡಿ. ಸಿಕ್ಕರೆ ಅದೇ. ಇಲ್ಲವಾದರೆ ತೊಳೆದ ಎಲ್‌ಪಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ದನಿಯ ಶಿಖರ ಮೈನಸ್ 6 ಡೆಸಿಬೆಲ್ ದಾಟದಂತೆ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಚಟಪಟಗಳನ್ನು ಒಂದೊಂದಾಗಿ ಕೈಯಾರೆ ತೆಗೆಯಿರಿ, ಸುಯ್ ಇದ್ದಂತೆಯೇ ಇರಲಿ.