65 ಸೆಂ.ಮೀ. ವ್ಯಾಯಾಮದ ಚೆಂಡು: ಹೆರಿಗೆ ನೋವಿನಲ್ಲಿ ಎಷ್ಟು ಉಪಯುಕ್ತ?

ಬರ್ತ್ ಬಾಲ್ ಎಂಬ ಹೆಸರಿನಲ್ಲಿ ಗರ್ಭಿಣಿಯರಿಗಾಗಿ ಮಾರುವ ಚೆಂಡಿಗೂ ಜಿಮ್‌ನಲ್ಲಿ ಕಾಣುವ ವ್ಯಾಯಾಮದ ಚೆಂಡಿಗೂ ಮೂಲದಲ್ಲಿ ವ್ಯತ್ಯಾಸವಿಲ್ಲ. 1963ರಲ್ಲಿ ಇಟಲಿಯ ಅಕ್ವಿಲಿನೊ ಕೊಸಾನಿ ರೂಪಿಸಿದ ಪ್ಲಾಸ್ಟಿಕ್ ಚೆಂಡೇ ಎರಡಕ್ಕೂ ಮೂಲ. ಹಾಗಾಗಿ ಗುಲಾಬಿ ಬಣ್ಣಕ್ಕೂ ಪೆಟ್ಟಿಗೆಯ ಮೇಲಿನ ತಾಯಿ-ಮಗುವಿನ ಚಿತ್ರಕ್ಕೂ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣಲಿಲ್ಲ. ತೂತಾದರೆ ಒಮ್ಮೆಲೇ ಸಿಡಿಯದೆ ನಿಧಾನವಾಗಿ ಗಾಳಿ ಬಿಡುವಂತೆ ತಯಾರಿಸಿದ ಸಾಮಾನ್ಯ ಚೆಂಡನ್ನೇ ಕೊಂಡು, ಏಳನೆಯ ತಿಂಗಳಿನಿಂದ ಹೆರಿಗೆಯವರೆಗೆ ಬಳಸಿದ್ದೇನೆ.

ಮಾರುಕಟ್ಟೆಯಲ್ಲಿ 55, 65 ಮತ್ತು 75 ಸೆಂ.ಮೀ. ಅಳತೆಗಳು ಸಾಮಾನ್ಯ. ಪೆಟ್ಟಿಗೆಯ ಕೋಷ್ಟಕಕ್ಕಿಂತ ಕುಳಿತು ನೋಡುವುದೇ ಸರಿಯಾದ ಪರೀಕ್ಷೆ: ಎರಡೂ ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರಿರಬೇಕು, ಸೊಂಟವು ಮೊಣಕಾಲಿಗಿಂತ ತುಸು ಮೇಲಿರಬೇಕು. ಜೊತೆಗೆ ಬಂದ ಕೈಪಂಪು ಮಾತ್ರ ನಿಷ್ಪ್ರಯೋಜಕ; ತುಂಬು ಗರ್ಭಿಣಿಯಂತೂ ಅದನ್ನು ಒತ್ತುತ್ತ ಕೂರಲಾರಳು. ಹೊಸ ಚೆಂಡಿನ ಪ್ಲಾಸ್ಟಿಕ್ ವಾಸನೆ ಹೋಗಲು ಕೆಲವು ದಿನ ಬೇಕಾಗುವುದರಿಂದ, ವಾಕರಿಕೆ ಇರುವವರು ಅದನ್ನು ಬಾಲ್ಕನಿಯಲ್ಲಿ ಇಡುವುದು ಒಳ್ಳೆಯದು. ನಮ್ಮ ಮನೆಗಳ ನುಣುಪಾದ ಟೈಲ್ಸ್ ನೆಲದ ಮೇಲೆ ಚೆಂಡು ಜಾರುತ್ತದೆ. ಕೆಳಗೆ ಯೋಗದ ಚಾಪೆಯಿರಬೇಕು, ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಬೇಕು.

ಇದರ ನಿಜವಾದ ಬೆಲೆ ತಿಳಿದದ್ದು ನೋವು ಶುರುವಾದ ಮೇಲೆ. ಕುಳಿತು ಸೊಂಟವನ್ನು ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗಿಸುವುದು ನೋವುಗಳ ನಡುವಿನ ಬಿಡುವಿನಲ್ಲಿ ಹಿತವಾಗಿತ್ತು. ಆದರೆ ನೋವು ನಡುವಿಗೇ ಇಳಿದಾಗ ಕೂರುವುದು ಸಾಕಾಗಲಿಲ್ಲ. ಚಾಪೆಯ ಮೇಲೆ ಮೊಣಕಾಲೂರಿ, ಎದೆ ಮತ್ತು ತೋಳುಗಳ ಭಾರವನ್ನೆಲ್ಲ ಚೆಂಡಿನ ಮೇಲೆ ಹಾಕಿ ಮುಂದಕ್ಕೆ ಒರಗಿದಾಗ, ಬೆನ್ನು ಖಾಲಿಯಾಗಿ ಸಿಕ್ಕಿದ್ದರಿಂದ ಅಮ್ಮ ಅಂಗೈಯಿಂದ ನಡುವನ್ನು ಬಲವಾಗಿ ಒತ್ತಲು ಸಾಧ್ಯವಾಯಿತು. ಮಾರಾಟಗಾರರು ಚಿತ್ರಗಳಲ್ಲಿ ಅಪರೂಪಕ್ಕೆ ತೋರಿಸುವ ಈ ಭಂಗಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಅಪಾಯದ ಲಕ್ಷಣಗಳಿಲ್ಲದ ಗರ್ಭಿಣಿಯರನ್ನು ಹೆರಿಗೆ ನೋವಿನ ಸಮಯದಲ್ಲಿ ಓಡಾಡಲು ಮತ್ತು ನೆಟ್ಟಗಿರುವ ಭಂಗಿಯಲ್ಲಿರಲು ಪ್ರೋತ್ಸಾಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಮಂಚಕ್ಕೆ ಅಂಟಿಕೊಳ್ಳದೆ ಹಾಗಿರಲು ಚೆಂಡು ಒಂದು ಅನುಕೂಲ, ಅಷ್ಟೆ. ‘ಕುಳಿತರೆ ಸಲೀಸಾಗಿ ಹೆರಿಗೆಯಾಗುತ್ತದೆ’ ಎಂಬ ಜಾಹೀರಾತಿನ ಭರವಸೆಯನ್ನು ನಂಬಬೇಕಾಗಿಲ್ಲ. ನೋವು ಹೋಗುವುದಿಲ್ಲ, ಅದನ್ನು ತಾಳಿಕೊಳ್ಳುವ ದಾರಿಯೊಂದು ಸಿಗುತ್ತದೆ.

ಕೊಳ್ಳುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸುವುದು ಮುಖ್ಯ. ಎಲ್ಲ ಹೆರಿಗೆ ಕೊಠಡಿಗಳಲ್ಲೂ ಹೊರಗಿನ ಚೆಂಡನ್ನು ಬಿಡುವುದಿಲ್ಲ. ಮಗುವಿನ ಎದೆಬಡಿತ ನೋಡುವ ಯಂತ್ರದ ಪಟ್ಟಿ ಕಟ್ಟಿರುವಾಗ ಕೂರಬಹುದೇ ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು. ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡು ಕಾಲು ಮರಗಟ್ಟಿದವರಿಗೆ ದುಂಡು ಚೆಂಡು ಸಲ್ಲದು; ಅಂಥವರು ಮಗ್ಗುಲಾಗಿ ಮಲಗಿ ಕಾಲುಗಳ ನಡುವೆ ಇಟ್ಟುಕೊಳ್ಳಲು ಕಡಲೆಕಾಯಿ ಆಕಾರದ ಚೆಂಡು ಬೇರೆಯೇ ಇದೆ. ರಕ್ತಸ್ರಾವವಾಗಿದ್ದರೆ ಅಥವಾ ಮಾಸು ಕೆಳಗಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ವೈದ್ಯರು ಒಪ್ಪದೆ ಇದರ ಮೇಲೆ ಕೂರಬಾರದು.

ಚೆಂಡಿಗೆ ಐದರಲ್ಲಿ ನಾಲ್ಕು ಅಂಕ, ಪಂಪಿಗೆ ಸೊನ್ನೆ. ನೀವು ಸೇರುವ ಆಸ್ಪತ್ರೆಯಲ್ಲೇ ಚೆಂಡಿದ್ದು, ಮನೆಯಲ್ಲಿ ಅದನ್ನಿಡಲು ಜಾಗವಿಲ್ಲದಿದ್ದರೆ ಕೊಳ್ಳದೆಯೂ ನಡೆಯುತ್ತದೆ.