ಮೊಳದುದ್ದದ ಪದಗಳು, ಗೇಣುದ್ದದ ಪುಸ್ತಕ

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಪಂಚಾಂಗ, ಅಡುಗೆ ಪುಸ್ತಕ ಮತ್ತು ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಕೈಪಿಡಿಗಳ ಪಕ್ಕದಲ್ಲಿ ಈಚೆಗೆ ಇನ್ನೊಂದು ಬಗೆಯ ಪುಸ್ತಕವೂ ಕಾಣಿಸಿಕೊಳ್ಳುತ್ತಿದೆ. ಇಂಗ್ಲಿಷಿನ ಉದ್ದುದ್ದ ಪದಗಳನ್ನೂ ಪದಗುಚ್ಛಗಳನ್ನೂ ಆರಿಸಿ, ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಕೊಟ್ಟು, ಎದುರಿಗೆ ಕನ್ನಡದ ಅರ್ಥ ಅಚ್ಚು ಮಾಡಿರುವ ಪುಸ್ತಕವಿದು. ಬ್ಯಾಂಕ್ ಪರೀಕ್ಷೆಗೆ ಸಿದ್ಧಳಾಗುತ್ತಿರುವ ತಂಗಿಯ ಮಗಳಿಗೆಂದು ನಾನು ಒಂದನ್ನು ಕೊಂಡೆ. ಬೆಲೆ 120 ರೂಪಾಯಿ, 160 ಪುಟ, ಅಂಗಿಯ ಜೇಬಿನಲ್ಲಿ ಹಿಡಿಸುವ ಅಳತೆ. ಪ್ರಕಾಶಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಎರಕದಲ್ಲಿ ಹೊಯ್ದಂತಹ ನಾಲ್ಕಾರು ಪುಸ್ತಕಗಳು ಅದೇ ಅಂಗಡಿಯಲ್ಲಿದ್ದವು, ನಾನು ತಿರುವಿ ನೋಡಿದ ಮಟ್ಟಿಗೆ ಇದಕ್ಕೆ ಸಲ್ಲುವ ಮಾತು ಅವಕ್ಕೂ ಸಲ್ಲುತ್ತದೆ.

ಕಾಗದ, ಅಚ್ಚು, ಹೊಲಿಗೆಗಳ ಬಗ್ಗೆ ದೂರಿಲ್ಲ. ಅಕ್ಷರ ದಪ್ಪವಾಗಿದೆ, ಓಡುವ ಬಸ್ಸಿನಲ್ಲಿ ಓದಬಹುದು.

ಮೊದಲ ಭಾಗದಲ್ಲಿ ಒಂಟಿ ಪದಗಳಿವೆ. ಅವುಗಳ ನಾಯಕಸ್ಥಾನದಲ್ಲಿರುವುದು, ನಿರೀಕ್ಷಿಸಬಹುದಾದಂತೆ, ನಲವತ್ತೈದು ಅಕ್ಷರಗಳ 'ನ್ಯೂಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕನೊಕೋನಿಯೋಸಿಸ್'. ಪೆನ್ಸಿಲ್ ಹಿಡಿದು ಎಣಿಸಿದಾಗ ಪುಸ್ತಕದಲ್ಲಿ ನಲವತ್ತನಾಲ್ಕೇ ಅಕ್ಷರಗಳಿದ್ದವು. ಒಂದು 'ಐ' ಎಲ್ಲೋ ಬಿದ್ದುಹೋಗಿದೆ. ಉದ್ದವನ್ನೇ ಬಂಡವಾಳ ಮಾಡಿಕೊಂಡ ಪುಸ್ತಕದಲ್ಲಿ ಇದು ಸಣ್ಣ ತಪ್ಪಲ್ಲ. ಅರ್ಥದ ಜಾಗದಲ್ಲಿ 'ಶ್ವಾಸಕೋಶದ ಒಂದು ಕಾಯಿಲೆ' ಎಂದಷ್ಟೇ ಇದೆ. ಅಮೆರಿಕದ ಒಗಟುಪ್ರಿಯರ ಸಂಘವೊಂದರ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ ಎಂಬವರು 1935ರಲ್ಲಿ, ಉದ್ದದ ದಾಖಲೆಗೆಂದೇ ಹೊಸೆದ ಪದವಿದು ಎಂಬ ಸಂಗತಿ ಇಲ್ಲ. ಶಿಲಾಕಣದ ನುಣುಪು ದೂಳು ಉಸಿರಿನೊಡನೆ ಒಳಸೇರಿ ಬರುವ ಈ ಕಾಯಿಲೆಯನ್ನು ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದ ಕಾರ್ಮಿಕರನ್ನು ಹಣ್ಣು ಮಾಡಿದ್ದು ಇದೇ ಕಾಯಿಲೆ. ಅವರ ಮನೆಮಂದಿಗೆ ಈ ನಾಲ್ಕಕ್ಷರದ ಹೆಸರು ಸಾಕಾಗಿತ್ತು.

ಆದರೆ ಈ ಪುಸ್ತಕದ ಮುಖ್ಯ ಕೊರತೆ ಅದಲ್ಲ. ಹೈಸ್ಕೂಲಿನಲ್ಲಿ ಕನ್ನಡ ಓದಿದ ಪ್ರತಿಯೊಬ್ಬರೂ 'ವಿಗ್ರಹಿಸಿ ಸಮಾಸದ ಹೆಸರು ತಿಳಿಸಿ' ಎಂಬ ಪ್ರಶ್ನೆಗೆ ಉತ್ತರ ಬರೆದೇ ಬಂದವರು. ಉದ್ದದ ಪದ ಕಂಡರೆ ಅದನ್ನು ಬಿಡಿಸಿ ನೋಡುವ ಅಭ್ಯಾಸ ನಮಗೆ ಹೊಸದಲ್ಲ. ಇಂಗ್ಲಿಷಿನ ಈ ಪದಗಳೂ ಹಾಗೆಯೇ ಬಿಡಿಸಿಕೊಳ್ಳುತ್ತವೆ: ನ್ಯೂಮೊನೊ ಎಂದರೆ ಶ್ವಾಸಕೋಶ, ಅಲ್ಟ್ರಾ ಎಂದರೆ ಆಚೆಯ, ಮೈಕ್ರೊಸ್ಕೋಪಿಕ್ ಎಂದರೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ, ಸಿಲಿಕೊ ಎಂದರೆ ಬೆಣಚುಕಲ್ಲಿನ ಸತ್ವ, ವಾಲ್ಕನೊ ಎಂದರೆ ಜ್ವಾಲಾಮುಖಿ, ಕೋನಿಸ್ ಎಂದರೆ ದೂಳು, ಓಸಿಸ್ ಎಂದರೆ ರೋಗಸ್ಥಿತಿ. ಇಷ್ಟನ್ನು ಅರ್ಧ ಪುಟದಲ್ಲಿ ಕೊಟ್ಟಿದ್ದರೆ ಓದುವವರಿಗೆ ಒಂದು ಪದದ ಬದಲು ಏಳು ಬೀಗದ ಕೈಗಳು ದೊರೆಯುತ್ತಿದ್ದವು. ಇನ್ನೊಂದು ಸ್ವಾರಸ್ಯವೂ ಇದೆ. ನ್ಯೂಮೊನೊ ಗ್ರೀಕ್, ಅಲ್ಟ್ರಾ ಲ್ಯಾಟಿನ್, ಕೋನಿಸ್ ಮತ್ತೆ ಗ್ರೀಕ್. ಅಂದರೆ ನಮ್ಮ ವ್ಯಾಕರಣಕಾರ ಕೇಶಿರಾಜ ಕಂಡಿದ್ದರೆ, ಬೇರೆ ಬೇರೆ ಭಾಷೆಯ ಪದಗಳು ಬೆರೆತ ಅರಿಸಮಾಸವೆಂದು ಪಕ್ಕಕ್ಕಿಡುತ್ತಿದ್ದ ಪದವಿದು. ಮನೆಮನೆಯ ಟೆಲಿವಿಷನ್ ಕೂಡ ಗ್ರೀಕಿನ 'ಟೆಲೆ'ಗೆ ಲ್ಯಾಟಿನ್ನಿನ 'ವಿಷನ್' ಕೂಡಿದ ಅರಿಸಮಾಸವೇ. ಕನ್ನಡದ ಓದುಗನಿಗೆ ಕನ್ನಡದವರೇ ಸಿದ್ಧಪಡಿಸಿದ ಪುಸ್ತಕದಲ್ಲಿ ಇಂತಹ ಒಂದು ಮಾತೂ ಇಲ್ಲದಿರುವುದು ನನಗೆ ಸೋಜಿಗವೆನಿಸಿತು.

ಬಿಡಿಸಿದರೂ ಸಾಲದ ಪದಗಳುಂಟು. 'ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ' ಎಂಬುದಕ್ಕೆ ಪುಸ್ತಕವು 'ಸ್ಥಾಪನೆಯ ವಿರೋಧವನ್ನು ವಿರೋಧಿಸುವ ವಾದ' ಎಂದು ಅರ್ಥ ಬರೆದಿದೆ. ತುಂಡು ತುಂಡಾಗಿ ನೋಡಿದರೆ ಸರಿ, ಒಟ್ಟಾಗಿ ಓದಿದರೆ ಏನೂ ತಿಳಿಯದು. ಇಲ್ಲಿನ 'ಎಸ್ಟಾಬ್ಲಿಷ್‌ಮೆಂಟ್' ಎಂದರೆ ರಾಜ್ಯದ ಮನ್ನಣೆ ಪಡೆದ ಅಧಿಕೃತ ಚರ್ಚು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಆ ಮನ್ನಣೆಯನ್ನು ತೆಗೆದುಹಾಕಬೇಕೆಂದು ಒಂದು ಪಕ್ಷ, ಕೂಡದೆಂದು ಇನ್ನೊಂದು ಪಕ್ಷ ವಾದಿಸಿದವು. ಕೂಡದೆಂದವರ ನಿಲುವಿಗೆ ಈ ಹೆಸರು. ಐರ್ಲೆಂಡಿನ ಚರ್ಚು 1871ರಲ್ಲಿ, ವೇಲ್ಸಿನದು 1920ರಲ್ಲಿ ಆ ಮನ್ನಣೆ ಕಳೆದುಕೊಂಡವು, ಇಂಗ್ಲೆಂಡಿನಲ್ಲಿ ಅದು ಇಂದಿಗೂ ಉಳಿದಿದೆ. ಎರಡು ಸಾಲಿನ ಈ ಹಿನ್ನೆಲೆ ಇಲ್ಲದೆ ಇಪ್ಪತ್ತೆಂಟು ಅಕ್ಷರಗಳನ್ನು ಬಾಯಿಪಾಠ ಮಾಡುವುದು ಬರಿಯ ನಾಲಗೆಯ ಕಸರತ್ತು.

ಶಶಿ ತರೂರ್ ಅವರ ದೆಸೆಯಿಂದ ನಮ್ಮಲ್ಲಿ ಮನೆಮಾತಾದ ಎರಡು ಪದಗಳನ್ನು ಪುಸ್ತಕ ಬಿಟ್ಟಿಲ್ಲ. 2018ರ ಅಕ್ಟೋಬರಿನಲ್ಲಿ ತಮ್ಮ ಹೊಸ ಪುಸ್ತಕದ ಸುದ್ದಿ ತಿಳಿಸುವಾಗ ಅವರು ಬಳಸಿದ ಇಪ್ಪತ್ತೊಂಬತ್ತು ಅಕ್ಷರಗಳ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್' ಅವುಗಳಲ್ಲಿ ಒಂದು. ವಿಲಿಯಂ ಶೆನ್‌ಸ್ಟೋನ್ ಎಂಬ ಇಂಗ್ಲಿಷ್ ಕವಿಯ 1741ರ ಪತ್ರದಲ್ಲಿಯೇ ಇರುವ ಪದವಿದು. ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಏನೂ ಇಲ್ಲ, ಒಂದು ಕೂದಲು ಎಂಬ ನಾಲ್ಕು ಲ್ಯಾಟಿನ್ ಮಾತುಗಳನ್ನು ಪೋಣಿಸಿ, ಯಾವುದನ್ನಾದರೂ ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವುದಕ್ಕೆ ಹೆಸರು ಮಾಡಿದ್ದಾರೆ. ಪುಸ್ತಕದ ಅರ್ಥ 'ನಿಷ್ಪ್ರಯೋಜಕವೆಂದು ಪರಿಗಣಿಸುವ ಕ್ರಿಯೆ'. ತಪ್ಪೇನಿಲ್ಲ, ಆದರೆ ಅವರು ಕೂದಲೆಳೆಗೆ ಹೋಲಿಸಿದ್ದನ್ನು ನಾವು ಹುಲ್ಲುಕಡ್ಡಿಗೆ ಹೋಲಿಸಿ 'ತೃಣಸಮಾನವಾಗಿ ಕಾಣುವುದು' ಎನ್ನುತ್ತೇವೆ, ಸಿಟ್ಟು ಬಂದರೆ 'ಕಾಲಕಸ ಮಾಡುವುದು' ಎನ್ನುತ್ತೇವೆ. ಇನ್ನೊಂದು ಪದ, ಉದ್ದವಲ್ಲದಿದ್ದರೂ 2017ರಲ್ಲಿ ಅವರ ಒಂದು ಟ್ವೀಟಿನಿಂದ ಹೆಸರಾದ 'ಫರಾಗೊ'. ಇದಕ್ಕೆ ಪುಸ್ತಕವು 'ಕಲಸುಮೇಲೋಗರ' ಎಂದಿದೆ. ಇಡೀ ಪುಸ್ತಕದಲ್ಲಿ ನಾನು ಎದ್ದು ಕೈಮುಗಿಯುವಂತಹ ಅರ್ಥವಿದೊಂದೇ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ದನಗಳಿಗೆ ಹಾಕುವ ಬೆರಕೆ ಮೇವು ಎಂದೇ ಮೂಲಾರ್ಥ.

ಇದೇ ಕೈ 'ಸೆಸ್ಕ್ವಿಪೆಡೇಲಿಯನ್' ಎಂಬಲ್ಲಿ ಸೋತಿರುವುದು ಬೇಸರದ ಸಂಗತಿ. ಉದ್ದುದ್ದ ಪದ ಬಳಸುವ ಶೈಲಿಗೆ ಇರುವ ಈ ವಿಶೇಷಣ ರೋಮನ್ ಕವಿ ಹೊರೇಸನ ಮಾತಿನಿಂದ ಬಂದದ್ದು, ಅಕ್ಷರಶಃ ಅರ್ಥ 'ಒಂದೂವರೆ ಅಡಿಯ'. ಒಂದೂವರೆ ಅಡಿ ಎಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ. 'ಮೊಳದುದ್ದದ' ಎಂದು ಬರೆದಿದ್ದರೆ ಅಂಗುಲವೂ ಹೆಚ್ಚುಕಡಿಮೆಯಾಗದೆ ಕೂರುತ್ತಿತ್ತು. ಪುಸ್ತಕದಲ್ಲಿರುವುದು 'ಅತಿ ದೀರ್ಘಪದಪ್ರಯೋಗಶೀಲ'.

ಎರಡನೆಯ ಭಾಗದ ಪದಗುಚ್ಛಗಳಲ್ಲಿ ಹಾನಿ ಹೆಚ್ಚು. ಮೊದಲ ಭಾಗದ ತಪ್ಪಿನಿಂದ ಯಾರ ಗಂಟೂ ಹೋಗದು. ಇಲ್ಲಿನ ಮಾತುಗಳಾದರೋ ಕರಾರುಪತ್ರ, ನೋಟಿಸು, ಬ್ಯಾಂಕಿನ ಕಾಗದಗಳಲ್ಲಿ ನಿತ್ಯ ಎದುರಾಗುವಂತಹವು. 'ವಿದೌಟ್ ಪ್ರಿಜುಡಿಸ್' ಎಂಬುದಕ್ಕೆ 'ಪೂರ್ವಗ್ರಹವಿಲ್ಲದೆ' ಎಂದು ಬರೆದಿದ್ದಾರೆ. ವಕೀಲರ ಪತ್ರದ ತಲೆಯ ಮೇಲೆ ಈ ಮಾತಿದ್ದರೆ ಅದರ ಅರ್ಥ 'ನಮ್ಮ ಹಕ್ಕಿಗೆ ಬಾಧಕವಾಗದಂತೆ' ಎಂದು. ರಾಜಿಗಾಗಿ ಬರೆದ ಮಾತನ್ನು ಮುಂದೆ ತಪ್ಪೊಪ್ಪಿಗೆಯಂತೆ ತಮ್ಮ ವಿರುದ್ಧ ಬಳಸಬಾರದೆಂಬ ಎಚ್ಚರಿಕೆ ಅದು. 'ಟೈಮ್ ಈಸ್ ಆಫ್ ದಿ ಎಸೆನ್ಸ್' ಎಂಬುದು ಇಲ್ಲಿ 'ಸಮಯವೇ ಸಾರ' ಆಗಿ, ಗೋಡೆಗೆ ತೂಗುಹಾಕುವ ಸುಭಾಷಿತದಂತಿದೆ. 1872ರ ಕರಾರು ಕಾಯಿದೆಯ 55ನೆಯ ಪ್ರಕರಣದಂತೆ, ಗಡುವೇ ಕರಾರಿನ ಜೀವಾಳವೆಂದು ಇಬ್ಬರೂ ಒಪ್ಪಿದ್ದಲ್ಲಿ, ಅದನ್ನು ಮೀರಿದವನ ಎದುರು ಪಕ್ಷದವನು ಕರಾರನ್ನೇ ರದ್ದು ಮಾಡಬಹುದು. ಮುಂಗಡ ಕೊಟ್ಟು ನಿವೇಶನ ಕೊಳ್ಳಲು ಹೊರಟವನಿಗೆ ಆ ಸುಭಾಷಿತದಿಂದ ಏನು ಪ್ರಯೋಜನ? 'ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್ ಕಂಟೇನ್ಡ್' ಎಂಬುದಕ್ಕೆ ನಮ್ಮ ಶಾಸನಗಳ ಕನ್ನಡದಲ್ಲಿ 'ಏನೇ ಒಳಗೊಂಡಿದ್ದರೂ' ಎಂಬ ಚೊಕ್ಕ ರೂಪ ಮೊದಲಿಂದ ಇದೆ. ಪುಸ್ತಕ ಅದನ್ನು 'ಒಳಗಿರುವ ಯಾವುದೂ ಎದ್ದು ನಿಲ್ಲದೆ' ಎಂದು ಅನುವಾದಿಸಿದೆ. ನಾನು ನಕ್ಕೆ; ತಂಗಿಯ ಮಗಳು ಅದನ್ನಾಗಲೇ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡಿದ್ದಳು.

ಉಚ್ಚಾರಣೆಯ ಕಾಲಂ ಓದಲು ಸುಲಭವಾಗಿದ್ದರೂ ಯಾವ ಅಕ್ಷರದ ಮೇಲೆ ಒತ್ತು ಬೀಳಬೇಕೆಂಬ ಗುರುತು ಎಲ್ಲಿಯೂ ಇಲ್ಲ. ಪ್ರಯೋಗ ವಾಕ್ಯಗಳಿಲ್ಲ, ಪದಸೂಚಿಯೂ ಇಲ್ಲ.

ಗೆಳೆಯರ ಕೂಟದಲ್ಲಿ ತಮಾಷೆಗೆ ಒಂದು ಪದ ಬಿಸಾಡಬೇಕೆನ್ನುವವರು ಮೊದಲ ಭಾಗಕ್ಕಾಗಿ ಕೊಳ್ಳಬಹುದು, 120 ರೂಪಾಯಿಗೆ ಮೋಸವಿಲ್ಲ. ಪರೀಕ್ಷೆಗೆ ಓದುವವರಿಗೆ ನಾನು ಹೇಳಲಾರೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ, ಪದದ ಮೂಲವನ್ನೂ ಪ್ರಯೋಗವನ್ನೂ ಕೊಡುವ ಒಂದು ಒಳ್ಳೆಯ ನಿಘಂಟನ್ನು ಕೊಳ್ಳಲಿ. ಕಾನೂನಿನ ಕಾಗದ ಓದಬೇಕಾದವರು ಎರಡನೆಯ ಭಾಗವನ್ನು ತೆರೆಯದಿರುವುದೇ ಕ್ಷೇಮ. ನಮ್ಮ ಮನೆಯ ಪ್ರತಿಯಲ್ಲಿ ನಲವತ್ತನೆಯ ಪುಟದವರೆಗೆ ಪ್ರತಿ ಪದವನ್ನೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಬಿಡಿಸಿಟ್ಟಿದ್ದೇನೆ, ಬಿದ್ದುಹೋದ 'ಐ'ಯನ್ನು ಅದರ ಜಾಗಕ್ಕೆ ಸೇರಿಸಿದ್ದೇನೆ. ಉಳಿದ ಪುಟಗಳನ್ನು ಈಗ ಅವಳೇ ಬಿಡಿಸುತ್ತಿದ್ದಾಳೆ.